ಕೊರಳಿಗೊಂದು ಕತ್ತಿ

ಆಸ್ಪತ್ರೆಯಲ್ಲಿ ದೊಡ್ಡಮ್ಮನ ಅಂಗಿಯ ಮೇಲಿನ ಗುಂಡಿ ಬಿಚ್ಚಿದ ನರ್ಸ್ ಹುಡುಗಿ ಹಾಗೆಯೇ ಹಿಂದಕ್ಕೆ ಸರಿದು ನಿಂತಳು. ಬೆವರಿಗೆ ಕಪ್ಪಾದ ನೂಲಿನ ದಾರ, ಅದರ ತುದಿಗೆ ಬೂದುಬಣ್ಣದ ಒರೆ, ಒರೆಯ ಬಾಯಿಂದ ಕೆಳಮುಖವಾಗಿ ಇಣುಕುವ ಮರದ ಹಿಡಿ.

“ಇದೆಂತಾ ಚೇಚೀ, ಪಿಚ್ಚಾತ್ತಿಯೋ?” ಎಂದು ನನ್ನನ್ನು ಅಕ್ಕ ಎಂದು ಕರೆದು ಕೇಳಿದಳು.

“ಹೌದು, ಕತ್ತಿ. ಹಸುವಿಗೆ ಅಂತ ಹಾಕಿಕೊಂಡದ್ದು,” ಎಂದೆ. ಆ ಮಾತು ನನ್ನ ಕಿವಿಗೇ ವಿಚಿತ್ರವಾಗಿ ಕೇಳಿಸಿತು. ಪಕ್ಕದ ಮಂಚದ ರೋಗಿಯ ಜೊತೆಗೆ ಬಂದಿದ್ದ ಹೆಂಗಸು ತನ್ನ ಚೀಲವನ್ನು ಮಡಿಲಿಗೆ ಎಳೆದುಕೊಂಡಳು. ಬಾಗಿಲಲ್ಲಿ ಕೂತಿದ್ದ ಸೆಕ್ಯೂರಿಟಿಯವನು ಎದ್ದು ಬಂದು, ನಾನು ಆ ಅಮ್ಮನಿಗೆ ಏನಾಗಬೇಕು, ಮನೆ ಎಲ್ಲಿ, ಹೆಣ್ಣುಮಗಳಿಗೆ ಕತ್ತಿ ಯಾತಕ್ಕೆ ಎಂದೆಲ್ಲ ವಿಚಾರಿಸಿದ. ಜ್ವರದಲ್ಲಿ ಅರೆಗಣ್ಣು ಬಿಟ್ಟುಕೊಂಡಿದ್ದ ಅವರು ಅಷ್ಟರಲ್ಲಿ ಮೆಲ್ಲಗೆ ಹೇಳಿದರು: “ಅವರ ಕೈಗೆ ಕೊಡಬೇಡ ಮೋಳೆ. ವಾಪಸ್ ಕೊಡಕ್ಕಿಲ್ಲ.”

ಕಳೆದ ಮಳೆಗಾಲದ ಮಾತು ಇದು. ಅವರು ಆಸ್ಪತ್ರೆಯಿಂದ ಮನೆಗೆ ಬರಲಿಲ್ಲ.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದಿದ್ದರೆ ಅವರಿಗೆ ಹಿಡಿಸುತ್ತಿರಲಿಲ್ಲ. ಮಗಳ ಮದುವೆಯ ಕಾಗದದಲ್ಲಿ ತಮ್ಮ ಹೆಸರು ಅಚ್ಚಾಗಿ ಬಂದಾಗ, “ಇದನ್ನ ಯಾರ್ಯಾರು ಓದ್ತಾರೆ?” ಎಂದು ಕೇಳಿದವರು ಅವರು. ನಮ್ಮ ಮನೆಗೂ ಅವರ ಮನೆಗೂ ನಡುವೆ ಒಂದು ಗದ್ದೆ. ತಿರುನೆಲ್ಲಿಯ ಕಡೆಗೆ ಹೋಗುವ ಬಸ್ಸು ಇಳಿದು ಕಾಡಿನ ಅಂಚಿಗೆ ನಡೆದರೆ ಸಿಗುವ ಕೆಲವೇ ಕನ್ನಡದ ಮನೆಗಳಲ್ಲಿ ಇವೆರಡು. ಅವರ ಗಂಡ ತೀರಿಕೊಂಡು ವರ್ಷಗಳಾಗಿದ್ದವು, ಮಗಳು ಎಚ್.ಡಿ. ಕೋಟೆಯ ಕಡೆಗೆ ಮದುವೆಯಾಗಿ ಹೋಗಿದ್ದಳು. ನಾನು ಅವರನ್ನು ದೊಡ್ಡಮ್ಮ ಎನ್ನುತ್ತಿದ್ದೆ. ಅವರು ನನ್ನನ್ನು ಇಲ್ಲಿಯವರೆಲ್ಲ ಕರೆಯುವಂತೆ ‘ಮೋಳೆ’ ಎನ್ನುತ್ತಿದ್ದರು, ಮಗಳೇ ಎಂದು.

ದೊಡ್ಡಮ್ಮ ಯಾವುದನ್ನೂ ಮೊದಲ ಮಾತಿಗೆ ನಂಬಿದವರಲ್ಲ. ಯಾರ ಮನೆಯಲ್ಲೇ ಆಗಲಿ, ಕೊಟ್ಟ ಲೋಟವನ್ನು ತಾವೇ ಇನ್ನೊಮ್ಮೆ ತೊಳೆದು ನೀರು ಕುಡಿಯುತ್ತಿದ್ದರು. ರೇಷನ್ ಅಂಗಡಿಯ ಹೆಬ್ಬೆಟ್ಟಿನ ಮೆಷೀನು ಬೆರಳಿನ ಗೆರೆಯನ್ನು ಚೂರು ಚೂರೇ ಕದಿಯುತ್ತದೆ ಎಂಬುದು ಅವರ ಗಟ್ಟಿ ಅಭಿಪ್ರಾಯ. ಅದಕ್ಕಾಗಿ ಒಂದು ತಿಂಗಳು ಹೆಬ್ಬೆಟ್ಟು ಕೊಟ್ಟರೆ ಇನ್ನೊಂದು ತಿಂಗಳು ತೋರುಬೆರಳು ಕೊಡುತ್ತಿದ್ದರು. ಅಂಗಡಿಯವನು ತಲೆ ಚಚ್ಚಿಕೊಳ್ಳುತ್ತಿದ್ದ. “ನಂದು ಸವೆದೋದರೆ ನೀನು ಕೊಡ್ತೀಯಾ?” ಎಂದು ಅವನನ್ನೇ ಕೇಳುತ್ತಿದ್ದರು. ಈ ಅನುಮಾನಗಳಲ್ಲಿ ಮುಕ್ಕಾಲು ಪಾಲು ಸುಳ್ಳೇ ಆಗುತ್ತಿದ್ದವು. ಹಾಗಾದಾಗ ಅವರಿಗೆ ನಾಚಿಕೆಯೂ ಆಗುತ್ತಿರಲಿಲ್ಲ, ಬೇಸರವೂ ಇರುತ್ತಿರಲಿಲ್ಲ. “ಒಳ್ಳೇದಾಯ್ತು ಬುಡು,” ಎಂದು ಮುಂದಿನದಕ್ಕೆ ಹೋಗುತ್ತಿದ್ದರು.

ನನ್ನ ಮೇಲೂ ಅವರಿಗೆ ಅನುಮಾನವಿತ್ತು. ಒಮ್ಮೆ ಹಲಸಿನ ತೊಳೆ ಬಿಡಿಸುತ್ತಾ ಕೂತಿದ್ದಾಗ ನನ್ನ ಮುಖವನ್ನೇ ಬಹಳ ಹೊತ್ತು ನೋಡಿ ಹೇಳಿದರು: “ನೀನು ಒಳ್ಳೆಯವಳು ಮೋಳೆ. ಅದ್ಯಾಕೆ ಅಂತ ಗೊತ್ತಾಗ್ತಿಲ್ಲ.”

ನನಗೆ ನಗು ಬಂತು. ಮಾನಂತವಾಡಿಯ ಕಾನ್ವೆಂಟಿನಲ್ಲಿ ಸಿಸ್ಟರ್‌ಗಳು ನಮಗೆ ಕಲಿಸಿದ್ದು, ಇನ್ನೊಬ್ಬರ ಮೇಲೆ ಅನುಮಾನ ಪಡುವುದೂ ಪಾಪವೇ ಎಂದು. ಮನಸ್ಸಿಗೆ ಕೆಟ್ಟ ಯೋಚನೆ ಬಂದರೆ ಕೂಡಲೇ ಬೇರೆ ಏನನ್ನಾದರೂ ನೋಡಬೇಕಂತೆ, ಹೂವನ್ನೋ ಹಕ್ಕಿಯನ್ನೋ. ದೊಡ್ಡಮ್ಮನ ಜೊತೆ ಇರುವಾಗ ನಾನು ಎಷ್ಟು ಹೂವು, ಎಷ್ಟು ಹಕ್ಕಿ ನೋಡಿದೆನೋ.

ಕತ್ತಿಯ ವಿಷಯ ಶುರುವಾದದ್ದು ಮೇಲಿನ ಮನೆಯವರ ಹಸುವನ್ನು ಹುಲಿ ಹಿಡಿದ ದಿನ. ಕೊಯ್ಲು ಮುಗಿದ ಮೇಲೆ ನಮ್ಮಲ್ಲಿ ಎಲ್ಲರೂ ಹಸುಗಳನ್ನು ಗದ್ದೆಯಲ್ಲಿ ಗೂಟಕ್ಕೆ ಕಟ್ಟುತ್ತಾರೆ. ಕಾಡಿನ ಅಂಚಿನಲ್ಲಿ ಹುಲ್ಲು ಚೆನ್ನಾಗಿರುವುದರಿಂದ ಗೂಟವೂ ಅಲ್ಲಿಗೇ ಹೋಗುತ್ತದೆ. ನಾವೆಲ್ಲ ಹೋಗಿ ನಿಂತಾಗ ಬಂದವರ ಕಣ್ಣು ಸತ್ತ ಹಸುವಿನ ಗಂಟಲ ಮೇಲೆ. ದೊಡ್ಡಮ್ಮ ಮಾತ್ರ ಕುಕ್ಕರುಗಾಲಲ್ಲಿ ಕೂತು ಹಗ್ಗವನ್ನು ನೋಡುತ್ತಿದ್ದರು. ನೈಲಾನ್ ಹಗ್ಗ. ಹಸು ಜಗ್ಗಿದ ಜಗ್ಗಿಗೆ ಗಂಟು ಕಲ್ಲಿನಂತೆ ಬಿಗಿದುಹೋಗಿತ್ತು. ಅದನ್ನು ಉಗುರಿನಿಂದ ಕೆದರಿ ನೋಡಿದರು, ಹಲ್ಲಿನಿಂದಲೂ ನೋಡಿದರು. ಆಮೇಲೆ ಎದ್ದು ಸೆರಗು ಕೊಡವಿ, “ಹುಲಿಗೆ ಕಾಲು ಐತೆ, ಹಸಕ್ಕೂ ಕಾಲು ಐತೆ. ಕೊಂದದ್ದು ಈ ಗಂಟು,” ಎಂದರು.

ಮರುದಿನವೇ ನಮ್ಮ ಮನೆಗೆ ಬಂದರು. ಅವರಿಗಿದ್ದದ್ದು ಒಂದೇ ಹಸು, ಕಂದು ಬಣ್ಣದ್ದು, ಗಬ್ಬವಾಗಿತ್ತು. ಅದರ ಹಾಲಿನಲ್ಲೇ ಅವರ ಮನೆ ನಡೆಯುತ್ತಿದ್ದದ್ದು. ಹುಲಿ ಬಂದರೆ ಒಂದೇ ಏಟಿಗೆ ಹಗ್ಗ ಕುಯ್ಯಬೇಕು, ಅದಕ್ಕೊಂದು ಸಣ್ಣ ಕತ್ತಿ ಬೇಕು, ಅದು ಕೊರಳಲ್ಲಿ ನೇತಾಡಬೇಕು ಎಂದರು.

“ಕೊರಳಲ್ಲಿ ಯಾಕೆ ದೊಡ್ಡಮ್ಮ? ಸೊಂಟಕ್ಕೆ ಸಿಕ್ಕಿಸಿಕೊಂಡರಾಯಿತಲ್ಲ.”

“ಸೊಂಟ ಎಲ್ಲೈತೆ ಹೇಳು?” ಎಂದು ತಮ್ಮನ್ನು ತಾವೇ ತೋರಿಸಿಕೊಂಡರು. ಸೀರೆಯ ಮೇಲೆ ಗಂಡನ ಹಳೆಯ ತುಂಬುತೋಳಿನ ಅಂಗಿ, ಅದರ ಮೇಲೆ ನಡುವಿಗೆ ಬಿಗಿದ ತೋರ್ತು ಎಂಬ ತೆಳು ಟವಲು. ಗದ್ದೆಗೆ ಇಳಿಯುವ ಇಲ್ಲಿಯ ಹೆಂಗಸರೆಲ್ಲ ಹೀಗೆಯೇ. “ಇಷ್ಟರೊಳಗೆ ಹುಡುಕೋ ಹೊತ್ತಿಗೆ ಹುಲಿ ಊಟ ಮುಗಿಸಿ ಕೈ ತೊಳ್ಕಂಡಿರ್ತದೆ. ಜೋಬಲ್ಲಿ ಇಟ್ಟರೆ ಬಗ್ಗಿದಾಗ ಬೀಳ್ತದೆ. ಕೊರಳು ಎಲ್ಲಿಗೂ ಹೋಗಕ್ಕಿಲ್ಲ.”

ಅಂಗಡಿಗೆ ನಾನು ಜೊತೆಗೆ ಬರಬೇಕಂತೆ. ಯಾಕೆಂದರೆ ಅಂಗಡಿಯವನು ಮೋಸ ಮಾಡಿದರೆ ಇಬ್ಬರು ನೋಡಿದಂತೆ ಆಗುತ್ತದೆ.

ನಮ್ಮ ಮನೆಯವರಿಗೆ ಇದು ಚೂರೂ ಹಿಡಿಸಲಿಲ್ಲ. ಊಟ ಮಾಡುತ್ತಿದ್ದವರು ತಲೆ ಎತ್ತದೆ, “ನಾಳೆ ಏನಾದರೂ ಆದರೆ ಮೊದಲ ಸಾಕ್ಷಿ ನೀನೇ,” ಎಂದರು. ‘ಏನಾದರೂ’ ಎಂದರೆ ಏನು ಎಂದು ನಾನು ಕೇಳಲಿಲ್ಲ, ನನಗೆ ಗೊತ್ತಿತ್ತು. ದೊಡ್ಡಮ್ಮನಿಗೂ ನಾನು ಚಿಕ್ಕಪ್ಪ ಎಂದು ಕರೆಯುವ ಅವರ ಮೈದುನನಿಗೂ ಬೇಲಿಯ ಜಗಳ. ಗಂಡ ಸತ್ತ ಮೇಲೆ ಬೇಲಿ ತಮ್ಮ ಕಡೆಗೆ ನಡೆದು ಬರುತ್ತಿದೆ ಎಂದು ಇವರು, ಅತ್ತಿಗೆಗೆ ಕಣ್ಣು ಮಂಜಾಗಿದೆ ಎಂದು ಅವರು. ಎದುರಾದರೆ ಮಾತಿಲ್ಲ. ಮಾತು ಬಂದರೆ ಅದು ಅಕ್ಕಪಕ್ಕದ ಮನೆಗಳಿಗೂ ಕೇಳಿಸುವಷ್ಟು. ಅಂಥ ಹೆಂಗಸು ಈಗ ಕೊರಳಿಗೆ ಕತ್ತಿ ಕಟ್ಟಿಕೊಳ್ಳುತ್ತೇನೆ ಎಂದರೆ ಹಸುವಿನ ಮಾತನ್ನು ಯಾರು ನಂಬುತ್ತಾರೆ? ನಿಜ ಹೇಳಬೇಕೆಂದರೆ ನಾನೂ ನಂಬಿರಲಿಲ್ಲ. ಎಂಥ ಕತ್ತಿ ಕೊಳ್ಳುತ್ತಾರೆ, ಕೊಳ್ಳುವಾಗ ಮುಖ ಹೇಗಿರುತ್ತದೆ ಎಂದು ನೋಡುವುದಕ್ಕೇ ನಾನು ಜೊತೆಗೆ ಹೊರಟದ್ದು.

ಮಾನಂತವಾಡಿಯ ಅಂಗಡಿಯಲ್ಲಿ ಮಡಚುವ ಕತ್ತಿಗಳನ್ನು ಸಾಲಾಗಿ ಜೋಡಿಸಿಟ್ಟಿದ್ದರು. ಅಂಗಡಿಯ ಹುಡುಗ ಒಂದನ್ನು ‘ಟಕ್’ ಎಂದು ಬಿಚ್ಚಿ ತೋರಿಸಿದ. ದೊಡ್ಡಮ್ಮ ಅದನ್ನು ತೆಗೆದುಕೊಂಡು, ಎಡಗೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು, ಬಲಗೈಯಲ್ಲೇ ಬಿಚ್ಚಲು ನೋಡಿದರು. ಆಗಲಿಲ್ಲ.

“ಎಡಗೈ ಯಾಕೆ ಅಮ್ಮಾ ಹಿಂದೆ?” ಎಂದ ಹುಡುಗ.

“ಎಡಗೈಯಲ್ಲಿ ಹಸ ಐತೆ.”

ಹುಡುಗ ಅವರ ಬೆನ್ನ ಹಿಂದೆ ಇಣುಕಿ ನೋಡಿದ. ಆಮೇಲೆ ನನ್ನನ್ನು ನೋಡಿದ. ಅಷ್ಟರಲ್ಲಿ ಒಳಗಿನಿಂದ ಮಾಲೀಕರು ಬಂದು, ಇದು ಯಾರಿಗೆ, ಯಾಕೆ, ಮನೆಯಲ್ಲಿ ಗಂಡಸರು ಇಲ್ಲವೇ ಎಂದು ಶುರುಮಾಡಿದರು. “ಕಡುವಕ್ಕೆ,” ಎಂದರು ದೊಡ್ಡಮ್ಮ. ಕಡುವ ಎಂದರೆ ಹುಲಿ. ಮಾಲೀಕರು ನಕ್ಕು, “ಕಡುವಾ ಇದನ್ನ ಹಲ್ಲು ಚುಚ್ಚಕ್ಕೆ ಇಟ್ಕೊಳ್ಳುತ್ತೆ ಅಮ್ಮಾ,” ಎಂದರು. ದೊಡ್ಡಮ್ಮ ನಗಲಿಲ್ಲ. ಹೊರಗೆ ಬಂದ ಮೇಲೆ ನನಗೆ ಹೇಳಿದರು: “ಮಡಚೋ ಕತ್ತಿ ಬೇಡ. ಬಿಚ್ಚೋದಾ ಬೇಡವಾ ಅಂತ ಅದೂ ಯೋಚನೆ ಮಾಡ್ತದೆ.”

ಇನ್ನೊಂದು ಅಂಗಡಿಯಲ್ಲಿ ಮಡಚದ ಕತ್ತಿ ಸಿಕ್ಕಿತು, ಹೊಳೆಯುವಂಥದ್ದು. ಅಷ್ಟು ಹೊಳೆಯುವುದು ಏನನ್ನೋ ಮುಚ್ಚಿಡುತ್ತದೆ ಎಂದು ಅದನ್ನೂ ಬಿಟ್ಟರು. ಕೊನೆಗೆ ವೆಳ್ಳಮುಂಡದ ಕಡೆಯ ಬಸ್ಸು ಹತ್ತಿ ಒಬ್ಬ ಕಮ್ಮಾರರ ಕುಲುಮೆಗೆ ಹೋದೆವು. ವಯಸ್ಸಾದವರು, ಒಂದು ಕಾಲದಲ್ಲಿ ಕುಟ್ಟದಲ್ಲಿ ಕೆಲಸ ಮಾಡಿದ್ದರಿಂದ ಕನ್ನಡ ಚೆನ್ನಾಗಿ ಬರುತ್ತಿತ್ತು. ಅವರೂ ಮೊದಲು ಕೇಳಿದ್ದು ಅದನ್ನೇ: “ಯಾರಿಗಮ್ಮಾ ಇದು?”

“ಹಗ್ಗಕ್ಕೆ.”

“ಹಗ್ಗದ ಆ ಕಡೆ ಯಾರು?”

“ಹಸ.”

“ಈ ಕಡೆ?”

“ನಾನೇ. ಕತ್ತಿ ಮಾಡ್ತೀರೋ, ಪೋಲೀಸ್ ಆಗ್ತೀರೋ?”

ಮುದುಕರು ನಕ್ಕು ತಿದಿ ಒತ್ತಿದರು. ಲಾರಿಯ ಹಳೇ ಪ್ಲೇಟಿನ ತುಂಡಿನಿಂದ ಮಾಡಿಟ್ಟಿದ್ದ ಸಣ್ಣ ಕತ್ತಿಗಳನ್ನು ಹಲಗೆಯ ಮೇಲೆ ಹರಡಿದರು. ದೊಡ್ಡಮ್ಮ ಒಂದೊಂದನ್ನೇ ಎತ್ತಿ, ಮೂಸಿ, ಹೆಬ್ಬೆರಳಿನಿಂದ ಕತ್ತಿಯ ಬಾಯಿ ತಡವಿ, ಕಣ್ಣು ಮುಚ್ಚಿ ಹಿಡಿಯನ್ನು ಹಿಡಿದು ನೋಡಿದರು. ಕಣ್ಣು ಮುಚ್ಚಿದಾಗ ಬಾಯಿ ಯಾವ ಕಡೆಗಿದೆ ಎಂದು ಕೈಗೆ ತಿಳಿಯಬೇಕಂತೆ. ಉರುಟು ಹಿಡಿಯವೆಲ್ಲ ಹಾಗೆಯೇ ಹೋದವು. ಒಂದು ಪಕ್ಕ ಚಪ್ಪಟೆಯಾಗಿದ್ದ ಒಂದನ್ನು ಇಟ್ಟುಕೊಂಡರು. ಅಂಗೈಗಿಂತ ಸಣ್ಣದು. ನಾನು ಅವರ ಮುಖವನ್ನೇ ನೋಡುತ್ತಿದ್ದೆ. ಆ ಕತ್ತಿಯ ಮೊನೆ ಮೀನಿನ ಮುಳ್ಳಿನಂತೆ ಸಪೂರವಾಗಿತ್ತು.

ದೊಡ್ಡಮ್ಮ ಆ ಮೊನೆಯ ಮೇಲೆ ಬೆರಳಿಟ್ಟು, “ಇದನ್ನ ತೆಗೀರಿ,” ಎಂದರು.

ಕಮ್ಮಾರರಿಗೆ ಅರ್ಥವಾಗಲಿಲ್ಲ. “ಮೊನೆ ತೆಗೆದರೆ ಕತ್ತಿಯಲ್ಲಿ ಏನು ಉಳೀತದೆ?”

“ಕುಯ್ಯೋದು ಉಳೀತದೆ. ನಂಗೆ ಚುಚ್ಚೋ ಕೆಲಸ ಇಲ್ಲ. ಹಸ ಹೆದರಿ ಮೈಮೇಲೆ ಬಿದ್ದರೆ ಅದಕ್ಕೆ ತಾಗಬಾರದು. ನಾನು ಬಿದ್ದರೆ ನಂಗೆ ತಾಗಬಾರದು.”

ಮುದುಕರು ಮನಸ್ಸಿಲ್ಲದ ಮನಸ್ಸಿನಿಂದ ಮೊನೆಯನ್ನು ಉಜ್ಜಿ ಬೆರಳ ತುದಿಯಂತೆ ಗುಂಡಗೆ ಮಾಡಿಕೊಟ್ಟರು. ಕಲ್ಲಿನ ಮೇಲೆ ಅದು ಸವೆಯುತ್ತಿದ್ದಂತೆ ನನ್ನ ಎದೆಯಿಂದಲೂ ಏನೋ ಇಳಿದುಹೋಯಿತು. ಮೈದುನನಿಗೆ ಎಂದು ಕತ್ತಿ ಕೊಳ್ಳುವವರು ಯಾರೂ ಮೊನೆ ತೆಗೆಸುವುದಿಲ್ಲ. ಹೊರಗೆ ದಾಸವಾಳದ ಗಿಡ ಇತ್ತು, ಆ ದಿನ ಅದನ್ನು ನೋಡುವ ಅಗತ್ಯ ನನಗೆ ಬೀಳಲಿಲ್ಲ.

ಆಮೇಲೆ ಒರೆಯ ಸರದಿ. ಮುದುಕರು ಚರ್ಮದ ಒರೆ ತೋರಿಸಿದರು. ಯಾವುದರ ಚರ್ಮ ಎಂದು ಕೇಳಿ ತಿಳಿದುಕೊಂಡ ದೊಡ್ಡಮ್ಮ, “ಹಸದ ಚರ್ಮ ಕೊರಳಿಗೆ ಹಾಕ್ಕಂಡು ಹಸ ಉಳಿಸಕ್ಕೆ ಹೋಗದಾ?” ಎಂದು ದೂರ ಸರಿಸಿದರು. ಮರದ್ದು ಮಳೆಗೆ ಊದಿಕೊಂಡು ಕತ್ತಿಯನ್ನು ಕಚ್ಚಿ ಹಿಡಿಯುತ್ತದೆ. ಕೊನೆಗೆ ಮುದುಕರು ನೀರಿನ ಪೈಪಿನ ತುಂಡೊಂದನ್ನು ಕಾಯಿಸಿ, ಕತ್ತಿಯನ್ನು ಅದರೊಳಗಿಟ್ಟು, ಎರಡು ಹಲಗೆಯ ನಡುವೆ ಒತ್ತಿ ಒರೆ ಮಾಡಿದರು. ಹಿಡಿ ಕೆಳಗೆ, ಎಳೆದರೆ ಬರಬೇಕು, ಎಳೆಯದಿದ್ದರೆ ಬರಬಾರದು. ಅದನ್ನು ಪರೀಕ್ಷಿಸಲು ದೊಡ್ಡಮ್ಮ ಏನು ಮಾಡಿದರು ಗೊತ್ತೇ? ಒರೆಯನ್ನು ಕೊರಳಿಗೆ ಹಾಕಿಕೊಂಡು ಕುಲುಮೆಯ ಮುಂದೆ ಕುಪ್ಪಳಿಸಿದರು. ನರೆತ ಕೂದಲಿನ ಹೆಂಗಸು, ಎರಡೂ ಕಾಲು ಜೋಡಿಸಿಕೊಂಡು, ಹಗ್ಗದಾಟ ಆಡುವ ಹುಡುಗಿಯ ಹಾಗೆ. ರಸ್ತೆಯಲ್ಲಿ ಹೋಗುತ್ತಿದ್ದ ಜೀಪು ನಿಧಾನವಾಯಿತು. ಕತ್ತಿ ಬೀಳಲಿಲ್ಲ.

ದಾರಕ್ಕೆ ಮಾತ್ರ ಜಗಳವೇ ಆಯಿತು. ಮುದುಕರು ಕೊಟ್ಟ ನೈಲಾನ್ ದಾರ ಬೇಡವಂತೆ, ಹತ್ತಿಯ ನೂಲೇ ಬೇಕು, ಅದೂ ಜಗ್ಗಿದರೆ ಕಡಿಯುವಂಥದ್ದು. ಬಾಗಿಲ ಕೊಂಡಿಗೆ ದಾರ ಸಿಕ್ಕಿಸಿ ಮೈಭಾರ ಬಿಟ್ಟು ನೋಡಿದರು. ಕಡಿಯದ ದಾರವನ್ನು ಪಕ್ಕಕ್ಕಿಟ್ಟು, ಕಡಿದ ದಾರದಂಥದ್ದನ್ನೇ ಆರಿಸಿಕೊಂಡರು.

“ಕಡಿಯೋ ದಾರ ಹುಡುಕೋರನ್ನ ಈಗಲೇ ನೋಡಿದ್ದು ನಾನು,” ಎಂದರು ಕಮ್ಮಾರರು.

“ಓಡುವಾಗ ದಾರ ಕೊಂಬೆಗೆ ಸಿಕ್ಕಂಡ್ರೆ ನಾನು ಅಲ್ಲೇ ನೇತಾಡ್ತಿರಲಾ? ಪಿನ್ನೆ ಆಮೇಲೆ ಗೂಟಕ್ಕೆ ಕಟ್ಟಿದ ಹಸಕ್ಕೂ ನಂಗೂ ಏನು ವ್ಯತ್ಯಾಸ?”

ಅಂದಿನಿಂದ ಕತ್ತಿ ಅವರ ಕೊರಳಲ್ಲೇ ಇತ್ತು. ಮಾತಾಡುವಾಗ ಬಲಗೈ ತಾನಾಗಿ ಎದೆಯ ಹತ್ತಿರ ಹೋಗಿ ಹಿಡಿಯನ್ನು ಮುಟ್ಟಿ ಬರುತ್ತಿತ್ತು. ಇದೆಲ್ಲ ಗೊತ್ತಿಲ್ಲದ ಊರಿನವರು ತಮ್ಮ ಪಾಡಿಗೆ ತಾವು ಕತೆ ಕಟ್ಟಿದರು. ಮೈದುನನಂತೂ ಚಹಾದ ಅಂಗಡಿಯಲ್ಲಿ, “ಹುಲಿ ಯಾರು ಅಂತ ಎಲ್ಲರಿಗೂ ಗೊತ್ತಲ್ಲ, ನಾನೇ,” ಎಂದು ನಗುತ್ತಾ ಹೇಳುತ್ತಿದ್ದರಂತೆ. ನಗುತ್ತಾ ಹೇಳಿದರೂ ದೊಡ್ಡಮ್ಮ ಎದುರಾದಾಗ ಅವರು ಗದ್ದೆಯ ಬದುವಿನಿಂದ ಕೆಳಗಿಳಿದು ದಾರಿ ಬಿಡುತ್ತಿದ್ದುದನ್ನು ನಾನೇ ನೋಡಿದ್ದೇನೆ.

ಕೆಲವು ವಾರಗಳಲ್ಲಿ ಹುಲಿ ಸಿಕ್ಕಿತು. ಅರಣ್ಯದವರು ಇಟ್ಟಿದ್ದ ಬೋನಿನಲ್ಲಿ ಬೆಳಗಾಗುವ ಹೊತ್ತಿಗೆ ಬಿದ್ದಿತ್ತು. ಜನವೋ ಜನ. ಯಾರೋ ಪಟಾಕಿ ಹೊಡೆದರು, ಯಾರೋ ಪಾಯಸ ಹಂಚಿದರು. ದೊಡ್ಡಮ್ಮ ಜನರ ನಡುವೆ ನುಗ್ಗಿ ಬೋನಿನ ಹತ್ತಿರ ಹೋಗಿ, ಬಹಳ ಹೊತ್ತು ನೋಡಿ, ಪಾಯಸ ಮುಟ್ಟದೆ ವಾಪಸ್ ಬಂದರು.

“ಕೂಡಲ್ಲಿ ಬಿದ್ದಾಯ್ತಲ್ಲ ಅಕ್ಕ, ಇನ್ನು ಆ ಕತ್ತಿ ತೆಗೀರಿ,” ಎಂದರು ಅಲ್ಲಿದ್ದ ಅರಣ್ಯದ ವಾಚರ್.

“ನಾನೇ ಆ ಹಸ ತಿಂದದ್ದು ಅಂತ ಅದು ನಿಮಗೆ ಹೇಳ್ತಾ?”

“ಪಿನ್ನೆ ಎಷ್ಟು ಕಡುವ ಇರಬೇಕು ಇಲ್ಲಿ?”

“ಅದನ್ನೇ ನಾನೂ ಕೇಳ್ತಿರೋದು.”

ಎಲ್ಲರೂ ನಕ್ಕರು. ಮೈದುನ ಎಲ್ಲರಿಗಿಂತ ಜೋರಾಗಿ ನಕ್ಕರು. ಮತ್ತೆ ಗೂಟಗಳೆಲ್ಲ ಕಾಡಿನ ಅಂಚಿಗೆ ಹೋದವು. ಮೈದುನ ಆಗಷ್ಟೇ ಜರ್ಸಿ ಜಾತಿಯ ಒಂದು ಹಸು ತಂದಿದ್ದರು. ಅದಕ್ಕೆ ಒಳ್ಳೇ ಹುಲ್ಲು ಸಿಗಲಿ ಎಂದು ಎಲ್ಲರಿಗಿಂತ ಆಚೆ, ಲಂಟಾನ ಪೊದೆಯ ಪಕ್ಕದಲ್ಲೇ ಕಟ್ಟುತ್ತಿದ್ದರು. ದೊಡ್ಡಮ್ಮ ತಮ್ಮ ಹಸುವನ್ನು ಗದ್ದೆಯ ನಡುವೆಯೇ, ಹುಲ್ಲು ಕಡಿಮೆ ಇರುವಲ್ಲಿ ಕಟ್ಟಿ, ಪಕ್ಕದಲ್ಲಿ ಕೂತಿರುತ್ತಿದ್ದರು.

ಒಂದು ಬೆಳಿಗ್ಗೆ ಮಂಜು ಇನ್ನೂ ಏಳುತ್ತಿತ್ತು. ನಾನು ನಮ್ಮ ಬದುವಿನಲ್ಲಿ ಸೊಪ್ಪು ಕೊಯ್ಯುತ್ತಿದ್ದೆ. ದೊಡ್ಡಮ್ಮ ತಮ್ಮ ಹಸುವಿನ ಪಕ್ಕದಲ್ಲಿದ್ದರು. ಗದ್ದೆಯಲ್ಲಿದ್ದ ಬೆಳ್ಳಕ್ಕಿಗಳೆಲ್ಲ ಒಟ್ಟಿಗೆ ಎದ್ದವು. ಅವರ ಹಸು ಮೇಯುವುದನ್ನು ಬಿಟ್ಟು ತಲೆ ಎತ್ತಿ ಪೊದೆಯ ಕಡೆಗೆ ಕಿವಿ ತಿರುಗಿಸಿತು. ಅಷ್ಟೇ. ದೊಡ್ಡಮ್ಮ ಎದ್ದು ಓಡತೊಡಗಿದರು. ತಮ್ಮ ಹಸುವಿನ ಹಗ್ಗ ಕೈಗೆಟಕುವಷ್ಟು ಹತ್ತಿರವಿತ್ತು, ಅದನ್ನು ಮುಟ್ಟಲಿಲ್ಲ. ಪೊದೆಯ ಪಕ್ಕದ ಜರ್ಸಿಯ ಕಡೆಗೆ, ಕಾಡಿನ ಕಡೆಗೇ ಓಡಿದರು. ಜರ್ಸಿ ಕೊರಳು ಉದ್ದ ಮಾಡಿ ಹಗ್ಗ ಜಗ್ಗುತ್ತಿತ್ತು. ಅವರ ಎಡಗೈ ಹಗ್ಗದ ಮೇಲೆ, ಬಲಗೈ ಎದೆಯಿಂದ ಕೆಳಕ್ಕೆ. ಹಗ್ಗ ತುಂಡಾದದ್ದೇ ತಡ, ಹಸು ಹುಚ್ಚು ಹಿಡಿದಂತೆ ಗದ್ದೆಯ ಉದ್ದಕ್ಕೂ ಓಡಿ, ನೀರು ಹರಿಯುವ ತೋಡು ಹಾರಲು ಹೋಗಿ ಕಲ್ಲಿನ ಮೇಲೆ ಬಿತ್ತು.

ಪೊದೆಯಿಂದ ಏನೂ ಹೊರಗೆ ಬರಲಿಲ್ಲ.

ಮೈದುನ ಬಂದಾಗ ಹಸು ತೋಡಿನಲ್ಲಿ ಒದ್ದಾಡುತ್ತಿತ್ತು. ಮುಂಗಾಲಿಗೆ ಪೆಟ್ಟು ಬಿದ್ದಿತ್ತು. ಅವರು ಹಸುವನ್ನು ನೋಡಿದರು, ತುಂಡಾದ ಹಗ್ಗವನ್ನು ನೋಡಿದರು, ಅತ್ತಿಗೆಯ ಕೈಯಲ್ಲಿ ಇನ್ನೂ ಇದ್ದ ಕತ್ತಿಯನ್ನು ನೋಡಿದರು.

“ನಂಗೆ ಆವತ್ತೇ ಗೊತ್ತಿತ್ತು,” ಎಂದರು. “ನನ್ನ ಮುಟ್ಟಕ್ಕಾಗಲಿಲ್ಲ ಅಂತ ಮೂಕಪ್ರಾಣಿ ಮೇಲೆ ತೀರಿಸ್ಕಂಡ್ರಾ ಅತ್ತಿಗೆ?”

ಜನ ಸೇರಿದರು. ಎಲ್ಲರೂ ತಿರುಗಿದ್ದು ನನ್ನ ಕಡೆಗೆ. ನಾನೊಬ್ಬಳೇ ಅಲ್ಲಿದ್ದವಳು. ಏನು ನೋಡಿದೆ ಎಂದು ಕೇಳಿದರು. ಬೆಳ್ಳಕ್ಕಿ ಎದ್ದದ್ದು, ಹಸು ಕಿವಿ ತಿರುಗಿಸಿದ್ದು, ಇವರು ಓಡಿದ್ದು ಎಲ್ಲ ಹೇಳಿದೆ. “ಹುಲಿ?” ಎಂದರು. “ಕಾಣಲಿಲ್ಲ,” ಎಂದೆ. ನಮ್ಮ ಮನೆಯವರು ಆಕಾಶ ನೋಡಿದರು. ವಾಚರ್ ಬಂದು ಪೊದೆಯ ಸುತ್ತ ಹೆಜ್ಜೆ ಹುಡುಕಿದರು. ಒಣ ಎಲೆಯ ನೆಲ, ಒಂದೂ ಸಿಗಲಿಲ್ಲ.

ಆ ಸಂಜೆ ದೊಡ್ಡಮ್ಮ ನಮ್ಮ ಜಗಲಿಗೆ ಬಂದು ಕೂತರು. ಲೋಟ ತೊಳೆದುಕೊಂಡು ನೀರು ಕುಡಿದರು.

“ನೀನು ನಿಜವಾಗ್ಲೂ ನೋಡಲಿಲ್ವಾ ಮೋಳೆ?”

“ಇಲ್ಲ ದೊಡ್ಡಮ್ಮ. ನೀವು?”

“ನಾನೂ ನೋಡಲಿಲ್ಲ.”

ಅವರು ಸೆರಗಿನಿಂದ ಬಾಯಿ ಒರೆಸಿಕೊಂಡು, “ಕಾಣೋವರೆಗೆ ಕಾಯಬೇಕಾಗಿತ್ತಾ? ಕಂಡ ಮೇಲೆ ಕುಯ್ಯಕ್ಕೆ ಟೈಮ್ ಎಲ್ಲಿರ್ತದೆ?” ಎಂದು ನನ್ನನ್ನೇ ಕೇಳಿದರು.

“ಹಾಗಾದರೆ ನಿಮ್ಮ ಹಸುವನ್ನು ಬಿಟ್ಟು ಚಿಕ್ಕಪ್ಪನ ಹಸುವಿನ ಹತ್ತಿರ ಯಾಕೆ ಓಡಿದಿರಿ?”

“ಅದೇ ತಾನೆ ಪೊದೆ ಪಕ್ಕ ಇದ್ದದ್ದು,” ಎಂದರು, ಇದೆಂಥ ಪ್ರಶ್ನೆ ಎಂಬಂತೆ.

ಎರಡು ಮೂರು ದಿನ ಕಳೆದು, ಸೌದೆಗೆ ಹೋದವರು ಸುದ್ದಿ ತಂದರು. ಪೊದೆಯಿಂದ ಸ್ವಲ್ಪ ಒಳಗೆ ಒಂದು ಜಿಂಕೆ ಸತ್ತು ಬಿದ್ದಿದೆ, ಅರ್ಧ ತಿಂದಿದೆ. ಮತ್ತೆ ಜನ ಸೇರಿದರು. ಇದೇ ಜನ ಈಗ ದೊಡ್ಡಮ್ಮನ ಪಕ್ಕದಲ್ಲಿ ನಿಂತು, “ಅಕ್ಕ ಹೇಳಿದ್ದೇ ಸತ್ಯಂ, ಹುಲಿ ಇನ್ನೊಂದು ಐತೆ,” ಎನ್ನತೊಡಗಿದರು. ವಾಚರ್ ಮೂಗಿಗೆ ತೋರ್ತು ಕಟ್ಟಿಕೊಂಡು ನೋಡಿ, ಕಡುವ ಇರಬಹುದು, ಬಹಳ ಕೆಟ್ಟುಹೋಗಿದೆ, ಸರಿಯಾಗಿ ಹೇಳಲು ಆಗುವುದಿಲ್ಲ ಎಂದರು. ಮೈದುನನ ಮುಖ ಸಣ್ಣಗಾಗಿತ್ತು. ಒಂದು ಪಕ್ಕಕ್ಕೆ ನಿಂತು ಕಾಲಬೆರಳಿನಿಂದ ಎಲೆ ಸರಿಸುತ್ತಿದ್ದರು.

ದೊಡ್ಡಮ್ಮ ಬಗ್ಗಿ ನೋಡಿದರು. ಬಹಳ ಹೊತ್ತು ನೋಡಿದರು. ಕೈ ಎದೆಯ ಹತ್ತಿರ ಹೋಗಿ ಬಂತು.

“ಕಾಡುನಾಯಿನೂ ಹೀಗೇ ತಿಂತಾವೆ,” ಎಂದರು. “ಹುಲಿ ಅಂತ ನಾನು ಹೇಳಾಕಿಲ್ಲ.”

ನಾನು ಅವರ ತೋಳು ಜಗ್ಗಿ ಪಿಸುಗುಟ್ಟಿದೆ: “ದೊಡ್ಡಮ್ಮ, ಎಲ್ಲರೂ ಒಪ್ಪಿಕೊಂಡಿದ್ದಾರೆ. ಹೌದು ಅಂದುಬಿಡಿ.”

“ಯಾಕೆ? ನೀನು ನೋಡಿದ್ಯಾ?”

ತಮಗೆ ಅನುಕೂಲವಾಗಿ ಬಂದ ಗುರುತನ್ನೂ ಅವರು ನಂಬಲಿಲ್ಲ. ರೇಷನ್ ಮೆಷೀನನ್ನು ನೋಡಿದ ಕಣ್ಣಿನಿಂದಲೇ ಆ ಜಿಂಕೆಯನ್ನೂ ನೋಡಿದರು. ಅವರ ಪಕ್ಷ ವಹಿಸಲು ಬಂದವರು ಬೇಸರಪಟ್ಟುಕೊಂಡು ಚದುರಿದರು. ಅಲ್ಲಿಗೆ ಆ ಮಾತು ಮುಗಿಯಿತು ಎಂದುಕೊಂಡೆ. ಮುಗಿದಿರಲಿಲ್ಲ. ಜರ್ಸಿಗೆ ಕುಂಟು ಉಳಿಯಿತು, ಮೇವಿಗೆ ನಡೆಯಲಾರದೆ ಹಾಲೂ ಇಳಿಯಿತು. ಮೈದುನ ಬಾಯಿಬಿಟ್ಟು ಏನನ್ನೂ ಕೇಳಿರಲಿಲ್ಲ. ಒಂದು ಬೆಳಿಗ್ಗೆ ದೊಡ್ಡಮ್ಮ ತಮ್ಮ ಕಂದು ಹಸುವನ್ನು, ಆಗಷ್ಟೇ ಹುಟ್ಟಿದ ಕರುವಿನ ಸಮೇತ, ಹಿಡಿದುಕೊಂಡು ಬೇಲಿ ದಾಟುವುದು ನನ್ನ ಅಡುಗೆಮನೆಯ ಕಿಟಕಿಯಿಂದ ಕಾಣಿಸಿತು. ಒಲೆಯ ಉರಿ ತಗ್ಗಿಸಿ ನಾನೂ ಹೋದೆ.

ಮೈದುನ ಅಂಗಳದಲ್ಲಿ ಹಲ್ಲುಜ್ಜುತ್ತಿದ್ದರು. ದೊಡ್ಡಮ್ಮ ಅವರ ಕೊಟ್ಟಿಗೆಯ ಕಂಬಕ್ಕೆ ಹಗ್ಗ ಸುತ್ತಿದರು.

“ಇದೇನು ಅತ್ತಿಗೆ?”

“ಅನುಮಾನ ನಂದು. ನಿನ್ನ ಹಸ ಯಾಕೆ ಕುಂಟಬೇಕು?”

“ನಾನು ಕೇಳಿದ್ನಾ?”

“ಕೇಳಿದ್ರೆ ಕೊಡ್ತಿರಲಿಲ್ಲ. ಜರ್ಸಿ ನಂಗೆ ಕೊಡು. ಕುಂಟಿಕೊಂಡಾದರೂ ನಮ್ಮ ಅಂಗಳದಲ್ಲಿ ಇರ್ತದೆ, ಹುಲ್ಲು ಕೊಯ್ದು ಹಾಕ್ತೀನಿ.”

ಮೈದುನ ಬಾಯಲ್ಲಿದ್ದ ಪೇಸ್ಟನ್ನು ಉಗುಳುವುದೂ ಮರೆತು ನಿಂತಿದ್ದರು. ದೊಡ್ಡಮ್ಮ ಗಂಟನ್ನು ಇನ್ನೊಮ್ಮೆ ಎಳೆದು ನೋಡಿ, ಕರುವಿನ ಕಿವಿ ಸವರಿ, ಕುಂಟುವ ಜರ್ಸಿಯನ್ನು ನಡೆಸಿಕೊಂಡು ವಾಪಸ್ ಹೊರಟರು. ದಾರಿಯಲ್ಲಿ ಅಳಲಿಲ್ಲ. ಬೇಲಿಯ ಹತ್ತಿರ ಬಂದಾಗ ಮಾತ್ರ ನಿಂತು, ಗೂಟದಿಂದ ಗೂಟಕ್ಕೆ ಕಣ್ಣಿನಲ್ಲೇ ಅಳೆದು, “ಮತ್ತೆ ಒಸಿ ಈಚೆ ಬಂದಂಗೈತೆ,” ಎಂದರು.

ಆ ಮೇಲೂ ಬೆಳಿಗ್ಗೆ ಅವರು ಗದ್ದೆಗೆ ಬರುವುದು ತಪ್ಪಲಿಲ್ಲ. ಕಟ್ಟಲು ಅವರದ್ದೆನ್ನುವ ಹಸು ಅಲ್ಲಿರಲಿಲ್ಲ. ಮೈದುನ ಕಂದು ಹಸುವನ್ನು ಅದೇ ಪೊದೆಯ ಪಕ್ಕದಲ್ಲಿ, ಹಟಕ್ಕೆ ಬಿದ್ದವರಂತೆ ಕಟ್ಟುತ್ತಿದ್ದರು. ದೊಡ್ಡಮ್ಮ ಹೋಗಿ ಹತ್ತಿರದ ಬದುವಿನ ಮೇಲೆ ಕೂರುತ್ತಿದ್ದರು, ಮುಖ ಕಾಡಿನ ಕಡೆಗೆ, ಕೈ ಕೊರಳ ಹತ್ತಿರ. ಮೊದಮೊದಲು ಮೈದುನ, “ಕೊಟ್ಟ ಮೇಲೂ ನಂಬಿಕೆ ಇಲ್ವಾ ಅತ್ತಿಗೆ?” ಎನ್ನುತ್ತಿದ್ದರು. “ಇಲ್ಲ,” ಎನ್ನುತ್ತಿದ್ದರು ಇವರು. ಕ್ರಮೇಣ ಆ ಮಾತೂ ನಿಂತಿತು. ನಾನು ಗಮನಿಸಿದ್ದೇನೆಂದರೆ, ದೊಡ್ಡಮ್ಮ ಬರುವುದು ತಡವಾದ ದಿನ ಮೈದುನ ಹಸುವನ್ನು ಗೂಟಕ್ಕೆ ಕಟ್ಟದೆ, ಹಗ್ಗ ಕೈಯಲ್ಲೇ ಹಿಡಿದುಕೊಂಡು, ಬೀಡಿ ಸೇದುತ್ತಾ ಬದುವಿನ ಮೇಲೆ ನಿಂತಿರುತ್ತಿದ್ದರು. ಇವರು ದೂರದಲ್ಲಿ ಕಂಡ ಮೇಲೆ ಬಗ್ಗಿ ಗಂಟು ಹಾಕುತ್ತಿದ್ದರು. ಹುಲಿ ಆಮೇಲೆ ಆ ಕಡೆ ಬರಲಿಲ್ಲ. ಬಂದಿತ್ತೋ ಇಲ್ಲವೋ, ನಮಗಂತೂ ಕಾಣಲಿಲ್ಲ.

ದೊಡ್ಡಮ್ಮ ಹೋದ ಮೇಲೆ ಕತ್ತಿಯನ್ನು ಅವರ ಮಗಳು ತೆಗೆದುಕೊಂಡು ಹೋದಳು. ಅವರು ಸಾಕಿದ್ದ ಜರ್ಸಿ ಈಗ ನಮ್ಮ ಕೊಟ್ಟಿಗೆಯಲ್ಲಿದೆ.

ಕೊಯ್ಲು ಮುಗಿದು ಗದ್ದೆ ಬರಿದಾಗಿದೆ. ಎಲ್ಲರ ಗೂಟಗಳೂ ಅಂಚಿಗೆ ಹೋಗಿವೆ, ಮೈದುನನದ್ದು ಹೋಗಿಲ್ಲ. ಅವರು ದಿನಾ ಹೋಗಿ ಹುಲ್ಲು ಕೊಯ್ದು, ಹೊರೆ ಕಟ್ಟಿ, ತಲೆಯ ಮೇಲೆ ಹೊತ್ತು ಮನೆಗೆ ತರುತ್ತಾರೆ. ಈ ವಯಸ್ಸಿನಲ್ಲಿ ಅದು ಸುಲಭದ ಕೆಲಸವಲ್ಲ. ಮೊನ್ನೆ ಬೇಲಿಯ ಹತ್ತಿರ ಹೊರೆ ಇಳಿಸಿ ಉಸಿರು ಬಿಡುತ್ತಿದ್ದಾಗ ಕೇಳಿದೆ:

“ಯಾಕೆ ಚಿಕ್ಕಪ್ಪ, ಹಸುವನ್ನೇ ಅಲ್ಲಿ ಕಟ್ಟಬಹುದಲ್ಲ? ಅಲ್ಲಿ ಹುಲಿ ಇಲ್ಲ ಅಂತ ನೀವೇ ಹೇಳ್ತಿದ್ರಿ.”

“ಈಗಲೂ ಹೇಳ್ತೀನಿ. ಹುಲಿ ಇಲ್ಲ.” ತೋರ್ತಿನಿಂದ ಕತ್ತು ಒರೆಸಿಕೊಂಡರು. ಗದ್ದೆಯ ಆಚೆ ಖಾಲಿ ಬದುವಿನ ಕಡೆಗೆ ನೋಡಿದರು. “ಆದ್ರೆ ಅಲ್ಲಿ ಕೂತು ನೋಡೋರೂ ಯಾರೂ ಇಲ್ವಲ್ಲ ಮೋಳೆ.”